ಪ್ಯಾನೆಲ್‌ನಲ್ಲಿ ಎಲ್ಲವೂ ಹಸಿರು, ಕ್ಯೂನಲ್ಲಿ 11 ಸಾವಿರ ಮೇಲ್

"ಸರ್, ಎರಡು ದಿನದಿಂದ ನಮ್ಮ ಮೇಲ್ ಯಾರಿಗೂ ತಲುಪ್ತಾ ಇಲ್ಲ. ಪ್ಯಾನೆಲ್‌ನಲ್ಲಿ ನೋಡಿದ್ರೆ ಎಲ್ಲ ಸರಿಯಾಗೇ ಇದೆ."

ಪ್ರಕರಣ ಶುರುವಾದದ್ದು ಈ ಫೋನಿನಿಂದ. ಸಂಸ್ಥೆ ಚಿಕ್ಕದು. ಒಂದೇ ಸರ್ವರ್, 4 ಜಿಬಿ ಮೆಮೊರಿ, ಮೇಲೊಂದು ಹೋಸ್ಟಿಂಗ್ ಕಂಟ್ರೋಲ್ ಪ್ಯಾನೆಲ್ (ಸರ್ವರ್ ಕೆಲಸಗಳನ್ನು ಬ್ರೌಸರ್‌ನಲ್ಲೇ ಬಟನ್ ಒತ್ತಿ ಮಾಡುವ ಪುಟ), ಅದರೊಳಗೆ ಏಳು ವೆಬ್‌ಸೈಟ್. ಮೇಲ್ ಕೂಡ ಅಲ್ಲೇ. ಮೂರು ವರ್ಷದ ಹಿಂದೆ ಯಾರೋ ಹಾಕಿಕೊಟ್ಟು ಹೋಗಿದ್ದರು. ಆಮೇಲೆ ಯಾರೂ ಒಳಗೆ ಇಣುಕಿರಲಿಲ್ಲ. ಸಂಸ್ಥೆಯ ಹೆಸರನ್ನೂ ಪ್ಯಾನೆಲ್‌ನ ಹೆಸರನ್ನೂ ಬಿಟ್ಟಿದ್ದೇನೆ. ಬೇರೆ ಪ್ಯಾನೆಲ್ ಇದ್ದಿದ್ದರೂ ಕತೆ ಹೆಚ್ಚುಕಡಿಮೆ ಹೀಗೇ ಇರುತ್ತಿತ್ತು.

ಅವರು ಹೇಳಿದ್ದು ನಿಜ. ಪ್ಯಾನೆಲ್ ತೆರೆದರೆ ಎಲ್ಲ ಸರ್ವಿಸ್‌ಗಳ ಮುಂದೆ ಹಸಿರು ಚುಕ್ಕೆ. ವೆಬ್ ಸರ್ವರ್ ಓಡುತ್ತಿದೆ, ಡೇಟಾಬೇಸ್ ಓಡುತ್ತಿದೆ, ಮೇಲ್ ಸರ್ವರ್ ಓಡುತ್ತಿದೆ. ಹೌದು, ಮೇಲ್ ಸರ್ವರ್ ಓಡುತ್ತಲೇ ಇತ್ತು. ಪಾಪ, ಉಸಿರು ಬಿಡದೆ ಓಡುತ್ತಿತ್ತು. ಎಸ್‌ಎಸ್‌ಎಚ್‌ನಲ್ಲಿ, ಅಂದರೆ ದೂರದಿಂದಲೇ ಸರ್ವರ್‌ಗೆ ಕಮಾಂಡ್ ಕೊಡುವ ದಾರಿಯಲ್ಲಿ, ಒಳಗೆ ಹೋಗಿ ‘ಎಕ್ಸಿಮ್ -ಬಿಪಿಸಿ’ ಎಂದು ಕೊಟ್ಟೆ. ಎಕ್ಸಿಮ್ ಅಂದರೆ ಅಲ್ಲಿದ್ದ ಮೇಲ್ ಸರ್ವರ್. ಕ್ಯೂನಲ್ಲಿ, ಅಂದರೆ ಹೊರಡುವ ಸಾಲಿನಲ್ಲಿ, ಎಷ್ಟು ಮೇಲ್ ಕಾಯುತ್ತಿವೆ ಅಂತ ಒಂದೇ ಅಂಕಿಯಲ್ಲಿ ಹೇಳುವ ಕಮಾಂಡ್ ಅದು. ಬಂದ ಉತ್ತರ 11,412. ಆ ಸಂಸ್ಥೆ ದಿನಕ್ಕೆ ಕಳಿಸುವುದು ಹೆಚ್ಚೆಂದರೆ ನಲವತ್ತು ಮೇಲ್.

ಒಂದು ಮೇಲ್ ತೆಗೆದು ಅದರ ಹೆಡರ್ (ಮೊದಲಿಗೆ ಬರುವ ತಾಂತ್ರಿಕ ವಿವರ) ನೋಡಿದೆ. ಈ ಸೈಟ್‌ಗಳನ್ನು ಓಡಿಸುವ ಪಿಎಚ್‌ಪಿ ಭಾಷೆಯಲ್ಲಿ ಒಂದು ಸೆಟ್ಟಿಂಗ್ ಇದೆ. ಅದು ಆನ್ ಆಗಿದ್ದರೆ, ಯಾವ ಸ್ಕ್ರಿಪ್ಟ್ ಮೇಲ್ ಕಳಿಸಿತೋ ಅದರ ಹೆಸರು ಹೆಡರ್‌ನಲ್ಲೇ ಬರುತ್ತದೆ. ಅದೃಷ್ಟಕ್ಕೆ ಇಲ್ಲಿ ಆನ್ ಇತ್ತು. ಸಾಲು ಹೀಗಿತ್ತು:

ಎಕ್ಸ್-ಪಿಎಚ್‌ಪಿ-ಒರಿಜಿನೇಟಿಂಗ್-ಸ್ಕ್ರಿಪ್ಟ್: 1003:ಸಿಎಸ್‌ಎಸ್45.ಪಿಎಚ್‌ಪಿ(1189) : ಇವ್ಯಾಲ್ಡ್ ಕೋಡ್

ಈ ಒಂದು ಸಾಲಿನಲ್ಲಿ ಮೂರು ಸುದ್ದಿ ಇದೆ. 1003 ಎಂಬುದು ಯೂಸರ್ ನಂಬರ್, ಅಂದರೆ ಪ್ಯಾನೆಲ್‌ನ ಯಾವ ಅಕೌಂಟ್‌ನಿಂದ ಹೋಯಿತು ಎಂಬುದು. ನಡುವಿನದು ಫೈಲ್ ಹೆಸರು. ಸ್ಟೈಲ್ ಫೈಲ್‌ನ ಹಾಗೆ ಹೆಸರಿಟ್ಟುಕೊಂಡ ಪಿಎಚ್‌ಪಿ ಫೈಲ್, ಇದೇ ಅನುಮಾನಕ್ಕೆ ಸಾಕು. ಕೊನೆಯದು ‘ಇವ್ಯಾಲ್ಡ್ ಕೋಡ್’. ಅಂದರೆ ಫೈಲ್‌ನೊಳಗೆ ಕೋಡ್ ನೇರವಾಗಿ ಇರಲಿಲ್ಲ. ಹೊರಗಿನಿಂದ ಬಂದ ಅಕ್ಷರಗಳನ್ನು ಅಲ್ಲೇ ಬಿಚ್ಚಿ ಓಡಿಸಲಾಗುತ್ತಿತ್ತು. ಒಳ್ಳೆಯ ಪ್ರೋಗ್ರಾಂ ಹಾಗೆ ಮೇಲ್ ಕಳಿಸುವುದಿಲ್ಲ, ಅಲ್ವಾ?

ಮೊದಲು ಮೇಲ್ ಸರ್ವರ್ ನಿಲ್ಲಿಸಿದೆ. ಅಷ್ಟರಲ್ಲಿ ಐಪಿ ವಿಳಾಸ ಸ್ಪ್ಯಾಮ್ ಕಪ್ಪುಪಟ್ಟಿಗಳಿಗೆ ಸೇರಿಹೋಗಿತ್ತು. ಇವರ ಅಸಲಿ ಮೇಲ್‌ಗಳು 550 (ಸ್ವೀಕರಿಸುವುದಿಲ್ಲ) ಎಂಬ ನಂಬರ್ ಹೊತ್ತು ವಾಪಸ್ ಬರುತ್ತಿದ್ದದ್ದು ಅದಕ್ಕೇ.

ಸುಳ್ಳು ಹೇಳುವ ತಾರೀಖು

ಫೈಲ್ ಸಿಕ್ಕಿತು. ಅಪ್‌ಲೋಡ್ಸ್ ಫೋಲ್ಡರ್‌ನ ಒಳಗೆ, ಫೋಟೋಗಳ ನಡುವೆ ಕೂತಿತ್ತು. ‘ಎಲ್‌ಎಸ್ -ಎಲ್’ ಹಾಕಿದರೆ ತಾರೀಖು ಮೂರು ವರ್ಷದ ಹಿಂದಿನದು, ಸೈಟ್ ಹುಟ್ಟಿದ ವಾರದ್ದು. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ‘ಟಚ್’ ಕಮಾಂಡ್‌ನಿಂದ ಈ ತಾರೀಖನ್ನು ಯಾರು ಬೇಕಾದರೂ ಹಿಂದಕ್ಕೆ ತಳ್ಳಬಹುದು. ಆದರೆ ಲಿನಕ್ಸ್ ಪ್ರತಿ ಫೈಲ್‌ಗೂ ಇನ್ನೊಂದು ಸಮಯ ಇಟ್ಟುಕೊಂಡಿರುತ್ತದೆ, ‘ಸಿಟೈಮ್’. ಫೈಲ್‌ನ ಹೆಸರು, ಮಾಲೀಕ, ಪರ್ಮಿಷನ್, ಒಳಗಿನದ್ದು, ಏನು ಬದಲಾದರೂ ಕರ್ನೆಲ್ (ಲಿನಕ್ಸ್‌ನ ತಿರುಳು) ಅದನ್ನು ತಾನೇ ಬರೆಯುತ್ತದೆ. ಟಚ್‌ಗೆ ಅದು ಬಗ್ಗುವುದಿಲ್ಲ. ‘ಸ್ಟ್ಯಾಟ್’ ಹಾಕಿ ನೋಡಿದೆ. ಸಿಟೈಮ್ 19 ದಿನ ಹಿಂದಿನದು.

ಸರಿ, 20 ದಿನದ ಹಿಂದಿನ ಬ್ಯಾಕಪ್ ಎತ್ತಿ ಹಾಕಿದರೆ ಆಯಿತು ಅಂದುಕೊಂಡೆ. ಬ್ಯಾಕಪ್ ಪುಟದಲ್ಲೂ ದಿನಕ್ಕೊಂದು ಹಸಿರು ಟಿಕ್. ಆದರೆ ಪ್ಯಾನೆಲ್ ಇಟ್ಟುಕೊಳ್ಳುತ್ತಿದ್ದದ್ದು ಏಳೇ ದಿನದ ಬ್ಯಾಕಪ್. ಏಳರಲ್ಲೂ ಸಿಎಸ್‌ಎಸ್45 ಇತ್ತು. ಬ್ಯಾಕಪ್ ಇದ್ದ ಜಾಗವೂ ಅದೇ ಡಿಸ್ಕ್.

ಸಿಟೈಮ್ ಹಿಡಿದು 25 ದಿನದೊಳಗೆ ಬದಲಾದ ಪಿಎಚ್‌ಪಿ ಫೈಲ್‌ಗಳನ್ನೆಲ್ಲ ಹುಡುಕಿದೆ. ಒಂದು ಸೈಟ್‌ನಲ್ಲಿ ಅಲ್ಲ, ಏಳೂ ಸೈಟ್‌ಗಳಲ್ಲಿ ಸಿಕ್ಕವು. ಒಟ್ಟು 31. ಜೊತೆಗೆ ಆ ಯೂಸರ್‌ನ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸಗಳ ಪಟ್ಟಿಯಲ್ಲಿ) ಒಂದು ಸಾಲು: ಪ್ರತಿ 10 ನಿಮಿಷಕ್ಕೊಮ್ಮೆ ಫೈಲ್ ಇದೆಯಾ ನೋಡು, ಇಲ್ಲದಿದ್ದರೆ ಮತ್ತೆ ಇಳಿಸು. ಅಳಿಸಿದ ಫೈಲ್ ಮತ್ತೆ ಹುಟ್ಟಿಕೊಳ್ಳುವ ‘ಪವಾಡ’ ಇಂಥ ಸಾಲಿನಿಂದಲೇ ಆಗುವುದು.

ಏಳೂ ಸೈಟ್‌ಗಳಿಗೆ ಹರಡಿದ್ದು ಯಾಕೆ? ಏಳೂ ಒಂದೇ ಯೂಸರ್ ಕೆಳಗೆ ಇದ್ದವು. ಪ್ಯಾನೆಲ್‌ನಲ್ಲಿ ಒಂದು ಅಕೌಂಟ್ ಮಾಡಿ ಅದಕ್ಕೇ ಒಂದರ ಮೇಲೊಂದು ಡೊಮೇನ್ ಸೇರಿಸಿಕೊಂಡು ಹೋಗಿದ್ದರು. ಅದು ಸುಲಭ. ಪ್ಯಾನೆಲ್ ಕೂಡ ಬೇಡ ಅನ್ನುವುದಿಲ್ಲ. ಆದರೆ ಲಿನಕ್ಸ್‌ನ ಕಣ್ಣಿಗೆ ಏಳು ಸೈಟ್ ಅಂತ ಇರಲೇ ಇಲ್ಲ, ಇದ್ದದ್ದು 1003 ಎಂಬ ಒಬ್ಬನೇ ಮನುಷ್ಯ. ಏಳು ಕೋಣೆಗೆ ಒಂದೇ ಬೀಗದ ಕೈ. ಒಂದು ಸೈಟ್‌ನ ಪಿಎಚ್‌ಪಿ ಇನ್ನೊಂದರ ಫೈಲ್ ಓದಬಹುದು, ಬರೆಯಬಹುದು, ಡೇಟಾಬೇಸ್ ಪಾಸ್‌ವರ್ಡ್ ಎತ್ತಬಹುದು.

ಮೊದಲು ಯಾವ ಸೈಟ್‌ನಿಂದ ಒಳಗೆ ಬಂದರು ಎಂಬುದನ್ನು ಸಾಬೀತು ಮಾಡಲು ಆಗಲಿಲ್ಲ. ವೆಬ್ ಲಾಗ್‌ಗಳು 14 ದಿನಕ್ಕೆ ಅಳಿದುಹೋಗುತ್ತಿದ್ದವು, ನಮಗೆ ಬೇಕಿದ್ದದ್ದು 19ನೇ ದಿನ. ನನ್ನ ಅನುಮಾನ ಒಂದು ಹಳೆಯ ಕಾರ್ಯಕ್ರಮದ ಸೈಟ್ ಮೇಲೆ. ಎರಡು ವರ್ಷದಿಂದ ಯಾರೂ ಮುಟ್ಟಿರದ ಫಾರ್ಮ್ ಪ್ಲಗಿನ್, ಫೈಲ್ ಅಪ್‌ಲೋಡ್ ಬೇರೆ ತೆರೆದಿತ್ತು. ಪಿಎಚ್‌ಪಿ 7.4 ಓಡುತ್ತಿತ್ತು. ಆ ಆವೃತ್ತಿಗೆ ಭದ್ರತಾ ತಿದ್ದುಪಡಿ ಬರುವುದು 2022ರ ನವೆಂಬರ್‌ನಲ್ಲೇ ನಿಂತಿದೆ.

ರೂಟ್ ತನಕ, ಅಂದರೆ ಯಂತ್ರದ ಪೂರ್ತಿ ಅಧಿಕಾರದ ತನಕ, ಹೋಗಿದ್ದಾರೆ ಅನ್ನುವುದಕ್ಕೆ ಗುರುತು ಸಿಗಲಿಲ್ಲ. ಹೋಗಿಲ್ಲ ಅನ್ನುವುದಕ್ಕೂ ಗುರುತು ಇರುವುದಿಲ್ಲವಲ್ಲ. ಹಾಗಾಗಿ ತೊಳೆಯುವ ಕೆಲಸ ಬಿಟ್ಟು, ಹೊಸ ಸರ್ವರ್ ಕಟ್ಟೋಣ ಅಂತ ತೀರ್ಮಾನ ಮಾಡಿದೆ.

ಪ್ಯಾನೆಲ್ ಬೇಕಾ?

ನನ್ನನ್ನೇ ಕೇಳಿದರೆ ಬೇಡ. ಏಳು ಸೈಟ್‌ಗೆ ಎಂಜಿನ್‌ಎಕ್ಸ್ (ಒಂದು ವೆಬ್ ಸರ್ವರ್) ಕಾನ್ಫಿಗ್ ಕೈಯಲ್ಲೇ ಬರೆದುಕೊಳ್ಳುತ್ತೇನೆ. ಆದರೆ ಸರ್ವರ್ ದಿನಾ ನೋಡಿಕೊಳ್ಳುವುದು ನಾನಲ್ಲ. ಅವರ ಆಫೀಸಿನ ಒಬ್ಬ ಮೇಡಂ ನೋಡಿಕೊಳ್ಳುತ್ತಾರೆ. ಅವರಿಗೆ ಡೊಮೇನ್ ಸೇರಿಸಲು, ಪಾಸ್‌ವರ್ಡ್ ಬದಲಿಸಲು ಬರುತ್ತದೆ, ಕಪ್ಪು ಪರದೆ ಕಂಡರೆ ಆಗುವುದಿಲ್ಲ. ಪ್ಯಾನೆಲ್ ಕಿತ್ತರೆ ಪ್ರತಿ ಸಣ್ಣ ಕೆಲಸಕ್ಕೂ ನನಗೆ ಫೋನ್. ಹಾಗಾಗಿ ಪ್ಯಾನೆಲ್ ಇರಲಿ, ಆದರೆ ಅದರ ಬಾಗಿಲು ಬೀದಿಗೆ ತೆರೆದಿರಬಾರದು ಅಂತ ಒಪ್ಪಂದವಾಯಿತು.

ಇದಕ್ಕೆ ಇಷ್ಟು ಹಟ ಯಾಕೆ ಅಂದರೆ, ಪ್ಯಾನೆಲ್ ರೂಟ್ ಅಧಿಕಾರದಲ್ಲಿ ಕೆಲಸ ಮಾಡುವ ವೆಬ್ ಪುಟ. ಅದರಲ್ಲಿ ಒಂದು ತೂತು ಬಿದ್ದರೆ ಇಡೀ ಯಂತ್ರವೇ ಹೋಯಿತು. ಇದು ಬರೀ ಹೆದರಿಕೆಯಲ್ಲ. 2018ರ ಏಪ್ರಿಲ್‌ನಲ್ಲಿ ವೆಸ್ಟಾ ಪ್ಯಾನೆಲ್‌ ಇದ್ದ ಸರ್ವರ್‌ಗಳಿಗೆ ಸಾಮೂಹಿಕವಾಗಿ ನುಗ್ಗಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಅದರ ಇನ್‌ಸ್ಟಾಲ್ ಸ್ಕ್ರಿಪ್ಟನ್ನೇ ತಿದ್ದಿ, ಹೊಸದಾಗಿ ಹಾಕಿದವರ ಪಾಸ್‌ವರ್ಡ್ ಕದಿಯುತ್ತಿದ್ದರು. 2019ರಲ್ಲಿ ವೆಬ್‌ಮಿನ್ ಎಂಬ ಇನ್ನೊಂದು ಪ್ಯಾನೆಲ್‌ನ ಸರದಿ. ಅದರ 1.890ರಿಂದ 1.920ರವರೆಗಿನ ಪ್ರತಿಗಳಲ್ಲಿ ಹಿಂಬಾಗಿಲು ಇತ್ತು. ಅಧಿಕೃತ ಜಾಗದಿಂದ ಇಳಿಸಿಕೊಂಡವರಿಗೂ ಅದೇ ಪ್ರತಿ ಸಿಕ್ಕಿತ್ತು. 2024ರ ಅಕ್ಟೋಬರ್‌ನಲ್ಲಿ ಸೈಬರ್‌ಪ್ಯಾನೆಲ್‌ನಲ್ಲಿ ಲಾಗಿನ್ ಇಲ್ಲದೆಯೇ ಕಮಾಂಡ್ ಓಡಿಸುವ ದೋಷ ಸಿಕ್ಕಿತು. ಆಗ ಇಂಟರ್‌ನೆಟ್‌ಗೆ ತೆರೆದುಕೊಂಡಿದ್ದ 20 ಸಾವಿರಕ್ಕೂ ಹೆಚ್ಚು ಪ್ಯಾನೆಲ್‌ಗಳು ರ‍್ಯಾನ್ಸಮ್‌ವೇರ್ ಬಾಯಿಗೆ ಸಿಗುವಂತಿದ್ದವು. ಈ ಮೂರು ಪ್ಯಾನೆಲ್‌ಗಳಲ್ಲೂ ಪಾಸ್‌ವರ್ಡ್ ಎಷ್ಟು ಉದ್ದ ಇಟ್ಟಿದ್ದರೂ ಪ್ರಯೋಜನ ಆಗುತ್ತಿರಲಿಲ್ಲ. ಪ್ಯಾನೆಲ್‌ನ ಪೋರ್ಟ್ (ಯಂತ್ರದ ನಂಬರ್ ಹಾಕಿದ ಬಾಗಿಲು) ಹೊರಗಿನವರಿಗೆ ಕಾಣದೇ ಇದ್ದಿದ್ದರೆ ಆ ಏಪ್ರಿಲ್‌ನ ನುಗ್ಗಾಟಕ್ಕೂ, ವೆಬ್‌ಮಿನ್‌ನ ಹಿಂಬಾಗಿಲಿಗೂ, 2024ರ ದೋಷಕ್ಕೂ ದಾರಿ ಸಿಗುತ್ತಿರಲಿಲ್ಲ. 2083, 2087, 8443, 8083, 10000. ಪ್ಯಾನೆಲ್‌ಗಳು ಕೂರುವ ಈ ಪೋರ್ಟ್‌ಗಳನ್ನು ಇಡೀ ಇಂಟರ್‌ನೆಟ್ ಉದ್ದಕ್ಕೂ ಹುಡುಕುತ್ತಾ ಓಡಾಡುವ ಬಾಟ್‌ಗಳಿಗೆ ಬರವಿಲ್ಲ.

ಹೊಸದು ಕಟ್ಟಿದ್ದು

ಶುರುವಿನ ಕೆಲಸ ಬೇಗ ಮುಗಿಯಿತು. ಹೊಸ ಓಎಸ್, ಪೂರ್ತಿ ಅಪ್‌ಡೇಟ್, ಹೋಸ್ಟ್‌ನೇಮ್ ಸರಿಪಡಿಸಿದ್ದು, ಭದ್ರತಾ ಅಪ್‌ಡೇಟ್ ತಾನಾಗಿ ಬರುವಂತೆ ಮಾಡಿದ್ದು. ಪ್ಯಾನೆಲ್ ಇನ್‌ಸ್ಟಾಲರ್‌ಗಳು ಖಾಲಿ ಓಎಸ್ ಕೇಳುತ್ತವೆ. ಮೊದಲೇ ಅಪಾಚೆ (ವೆಬ್ ಸರ್ವರ್), ಮರಿಯಾಡಿಬಿ (ಡೇಟಾಬೇಸ್) ಅಂತ ಹಾಕಿಟ್ಟರೆ ಜಗಳ ಆಡುತ್ತವೆ. ಸ್ಕ್ರಿಪ್ಟನ್ನು ನೇರ ಓಡಿಸದೆ, ಇಳಿಸಿಕೊಂಡು, ಒಮ್ಮೆ ಓದಿ, ಆಮೇಲೆ ಓಡಿಸಿದೆ. ಓದಿದ್ದರಿಂದ ಏನೇನು ಬಿಡಬಹುದು ಅಂತ ಗೊತ್ತಾಯಿತು.

ಬಿಟ್ಟದ್ದೇ ಜಾಸ್ತಿ. ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ವಿಳಾಸ ಹೇಳುವ) ಸರ್ವರ್ ಬೇಡ, ಡೊಮೇನ್ ಕೊಂಡ ಕಡೆಯೇ ಅದು ಸಿಗುತ್ತದೆ. ಫೈಲ್ ಸಾಗಿಸಲು ಎಫ್‌ಟಿಪಿ ಬೇಡ, ಎಸ್‌ಎಸ್‌ಎಚ್ ಮೂಲಕ ಹೋಗುವ ಎಸ್‌ಎಫ್‌ಟಿಪಿ ಸಾಕು. ಮೇಲ್ ಸರ್ವರ್ ಖಂಡಿತ ಬೇಡ. ಜನರ ಅಂಚೆಪೆಟ್ಟಿಗೆಗಳನ್ನು ಹೊರಗಿನ ಮೇಲ್ ಸೇವೆಗೆ ಸಾಗಿಸಿದೆವು. ಸೈಟ್‌ನ ಫಾರ್ಮ್‌ಗಳಿಂದ ಹೋಗುವ ಮೇಲ್ ಮಾತ್ರ ಪಾಸ್‌ವರ್ಡ್ ಕೊಟ್ಟು ಅದರ ಮೂಲಕವೇ ಹೊರಡುತ್ತದೆ. ಮೇಲ್ ಹೋದ ಮೇಲೆ ವೈರಸ್ ಹುಡುಕುವ ಕ್ಲ್ಯಾಮ್‌ಎವಿ ಕೂಡ ಬೇಡವಾಯಿತು. ಅದೊಂದೇ 1 ಜಿಬಿಗಿಂತ ಜಾಸ್ತಿ ಮೆಮೊರಿ ನುಂಗುತ್ತದೆ. ಹಳೆಯ ಸರ್ವರ್‌ನಲ್ಲಿ ಆಗಾಗ ರಾತ್ರಿ ಡೇಟಾಬೇಸ್ ಬಿದ್ದುಹೋಗುತ್ತಿದ್ದದ್ದಕ್ಕೂ ಅದೇ ಕಾರಣ. ಮೆಮೊರಿ ಸಾಲದಾದಾಗ ಕರ್ನೆಲ್ ಯಾರನ್ನಾದರೂ ಕೊಲ್ಲಬೇಕು, ಅದು ಮರಿಯಾಡಿಬಿಯನ್ನು ಆರಿಸಿಕೊಳ್ಳುತ್ತಿತ್ತು. ಮೇಡಂ ಬೆಳಿಗ್ಗೆ ಬಂದು ಪ್ಯಾನೆಲ್‌ನಲ್ಲಿ ‘ರೀಸ್ಟಾರ್ಟ್’ ಒತ್ತುವುದನ್ನು ರೂಢಿ ಮಾಡಿಕೊಂಡಿದ್ದರು.

ಸೈಟ್‌ಗಳನ್ನು ಸಾಗಿಸುವಾಗ ಫೈಲ್‌ಗಳನ್ನು ಹಾಗೇ ಎತ್ತಿ ತರಲಿಲ್ಲ. ವರ್ಡ್‌ಪ್ರೆಸ್, ಥೀಮ್, ಪ್ಲಗಿನ್ ಎಲ್ಲ ಹೊಸದಾಗಿ ಇಳಿಸಿದೆ. ಹಳೆಯದರಿಂದ ಬಂದದ್ದು ಡೇಟಾಬೇಸ್ ಮತ್ತು ಅಪ್‌ಲೋಡ್ಸ್ ಫೋಲ್ಡರ್, ಅದೂ ಪಿಎಚ್‌ಪಿ ಫೈಲ್‌ಗಳನ್ನು ಸೋಸಿ. ಡೇಟಾಬೇಸ್‌ನಲ್ಲಿ ಎರಡು ಸೈಟ್‌ಗಳಿಗೆ ಯಾರಿಗೂ ಪರಿಚಯವಿಲ್ಲದ ಅಡ್ಮಿನ್ ಒಬ್ಬ ಇದ್ದ. ಅವನನ್ನು ತೆಗೆದು, ಕಾನ್ಫಿಗ್‌ನಲ್ಲಿದ್ದ ‘ಸಾಲ್ಟ್’ (ಗುಟ್ಟಿನ ಅಕ್ಷರಗಳ) ಸಾಲುಗಳನ್ನು ಬದಲಿಸಿದೆ. ಹಾಗೆ ಮಾಡಿದರೆ ಹಳೆಯ ಲಾಗಿನ್ ಕುಕಿಗಳೆಲ್ಲ ಸತ್ತುಹೋಗುತ್ತವೆ. ಪಾಸ್‌ವರ್ಡ್ ಬದಲಿಸಿಯಾಯಿತಲ್ಲ ಅಂತ ಇದನ್ನು ಮರೆಯಬೇಡಿ. ಅನುಮಾನದ ಕಾರ್ಯಕ್ರಮದ ಸೈಟ್‌ ಅನ್ನು ಬರೀ ಎಚ್‌ಟಿಎಂಎಲ್ ಪುಟಗಳಾಗಿ ಇಳಿಸಿಕೊಂಡು ಅಷ್ಟನ್ನೇ ಇಟ್ಟೆ. ಮುಗಿದುಹೋದ ಕಾರ್ಯಕ್ರಮಕ್ಕೆ ಪಿಎಚ್‌ಪಿ ಯಾಕೆ?

ಒಂದು ಸೈಟ್‌ಗೆ ಒಂದು ಯೂಸರ್, ಇದು ಈ ಸಲದ ಮುಖ್ಯ ನಿಯಮ. ಏಳು ಸೈಟ್, ಏಳು ಯೂಸರ್, ಪ್ರತಿಯೊಂದಕ್ಕೂ ಬೇರೆ ಪಿಎಚ್‌ಪಿ ಪೂಲ್ (ಆ ಯೂಸರ್ ಹೆಸರಿನಲ್ಲೇ ಪ್ರತ್ಯೇಕವಾಗಿ ಓಡುವ ಪಿಎಚ್‌ಪಿ). ಪ್ಯಾನೆಲ್‌ನಲ್ಲಿ ಏಳು ಅಕೌಂಟ್‌ಗಳು ಚಂದವಾಗಿ ಸಾಲಾಗಿ ನಿಂತವು. ಆದರೂ ಕೇಳೋಣ ಅಂತ, ಒಂದನೇ ಸೈಟ್‌ನ ಯೂಸರ್ ಆಗಿ ಎರಡನೇ ಸೈಟ್‌ನ ಕಾನ್ಫಿಗ್ ಫೈಲ್ ಓದಲು ಹೋದೆ. ‘ಪರ್ಮಿಷನ್ ಡಿನೈಡ್’ ಬರಬೇಕಿತ್ತು. ಬಂದದ್ದು ಎರಡನೇ ಸೈಟ್‌ನ ಡೇಟಾಬೇಸ್ ಪಾಸ್‌ವರ್ಡ್.

ತಪ್ಪು ನನ್ನದೇ. ಫೋಲ್ಡರ್‌ಗೆ 755, ಫೈಲ್‌ಗೆ 644 ಅಂತ ಎಲ್ಲರೂ ಬಾಯಿಪಾಠ ಮಾಡಿದ ಪರ್ಮಿಷನ್ ಅಂಕಿಗಳನ್ನು ಮೇಲಿನಿಂದ ಕೆಳಗಿನವರೆಗೆ ನಾನೇ ಹಾಕಿದ್ದೆ. ಕೊನೆಯ 5, ಕೊನೆಯ 4 ಅಂದರೆ ‘ಯಂತ್ರದಲ್ಲಿರುವ ಬೇರೆ ಎಲ್ಲರೂ ಓದಬಹುದು’ ಅಂತ. ಸೈಟ್ ಒಂದೇ ಇದ್ದಾಗ ಅದು ನಡೆಯುತ್ತದೆ. ಪಿಎಚ್‌ಪಿ ಆಯಾ ಯೂಸರ್ ಹೆಸರಿನಲ್ಲೇ ಓಡುವುದರಿಂದ ಕಾನ್ಫಿಗ್ ಫೈಲ್‌ಗೆ 600 (ಮಾಲೀಕ ಮಾತ್ರ ಓದಿ ಬರೆಯಬಹುದು) ಸಾಕು, ಹಾಗೇ ಮಾಡಿದೆ. ಮನೆ ಫೋಲ್ಡರ್‌ಗಳನ್ನೂ ಬಿಗಿ ಮಾಡಿದೆ. ಮತ್ತೆ ಓದಲು ಹೋದಾಗ ಬಾಗಿಲು ಮುಚ್ಚಿತ್ತು.

50ನೇ ನಂಬರಿನ ಫೈಲ್

ಎಸ್‌ಎಸ್‌ಎಚ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಇಲ್ಲಿ ನನಗೆ ಅನುಭವ ಇದ್ದೂ ಎಡವಿದೆ. ಕೀ (ಪಾಸ್‌ವರ್ಡ್ ಬದಲು ಬಳಸುವ ಗುಟ್ಟಿನ ಫೈಲ್) ಹಾಕಿದೆ, ಆಮೇಲೆ ಮುಖ್ಯ ಕಾನ್ಫಿಗ್ ಫೈಲ್ ತೆರೆದು ‘ಪಾಸ್‌ವರ್ಡ್ ಅಥೆಂಟಿಕೇಷನ್’ ಮುಂದೆ ‘ನೋ’ ಬರೆದೆ, ಸರ್ವಿಸ್ ರೀಲೋಡ್ ಮಾಡಿದೆ. ಕೀ ಬಳಸಿ ಒಳಗೆ ಹೋದೆ, ಸಲೀಸಾಗಿ ಹೋಯಿತು. ಮುಗಿಯಿತು ಅಂದುಕೊಂಡೆ.

ಮರುದಿನ ಲಾಗ್ ನೋಡುವಾಗ ‘ಫೇಲ್ಡ್ ಪಾಸ್‌ವರ್ಡ್ ಫಾರ್ ರೂಟ್’ ಎಂಬ ಸಾಲುಗಳು ಸಾಲುಸಾಲಾಗಿ. ಬಾಟ್‌ಗಳು ಬಾಗಿಲು ತಟ್ಟುವುದು ಹೊಸದಲ್ಲ. ಆದರೆ ಪಾಸ್‌ವರ್ಡ್ ಕೇಳುವುದನ್ನೇ ನಿಲ್ಲಿಸಿದ ಮೇಲೆ ‘ಪಾಸ್‌ವರ್ಡ್ ತಪ್ಪು’ ಎಂಬ ಸಾಲು ಎಲ್ಲಿಂದ ಬಂತು? ಎಸ್‌ಎಸ್‌ಎಚ್ ಸರ್ವರ್‌ನ ಕಮಾಂಡ್ ‘ಎಸ್‌ಎಸ್‌ಎಚ್‌ಡಿ -ಟಿ’ ಹಾಕಿದೆ. ಟಿ ಕ್ಯಾಪಿಟಲ್ ಇರಬೇಕು. ಚಿಕ್ಕದಾದರೆ ಅದು ಕಾಗುಣಿತ ಮಾತ್ರ ಪರೀಕ್ಷಿಸುತ್ತದೆ. ದೊಡ್ಡದಾದರೆ, ಎಲ್ಲ ಫೈಲ್ ಓದಿದ ಮೇಲೆ ಕೊನೆಗೆ ಯಾವ ಬೆಲೆ ನಿಂತಿತು ಅಂತ ಹೇಳುತ್ತದೆ. ಅದು ಹೇಳಿತು: ಪಾಸ್‌ವರ್ಡ್ ಅಥೆಂಟಿಕೇಷನ್ ಯೆಸ್.

ಕಾರಣ ಹೀಗೆ. ಮುಖ್ಯ ಫೈಲ್‌ನ ಮೇಲ್ತುದಿಯಲ್ಲೇ ಒಂದು ‘ಇನ್‌ಕ್ಲೂಡ್’ ಸಾಲು ಇರುತ್ತದೆ. ಅದು ಪಕ್ಕದ ಫೋಲ್ಡರ್‌ನ ಫೈಲ್‌ಗಳನ್ನೆಲ್ಲ ಮೊದಲು ಎಳೆದುಕೊಳ್ಳುತ್ತದೆ. ಅಲ್ಲಿ ‘50-ಕ್ಲೌಡ್-ಇನಿಟ್’ ಎಂಬ ಫೈಲ್ ಇತ್ತು. ಸರ್ವರ್ ಹುಟ್ಟುವಾಗಲೇ ಕ್ಲೌಡ್ ಇಮೇಜ್ (ಮೊದಲೇ ಸಿದ್ಧವಾಗಿ ಸಿಗುವ ಓಎಸ್ ಪ್ರತಿ) ಅದನ್ನು ಬರೆದಿಟ್ಟಿತ್ತು. ಅದರಲ್ಲಿ ಇದ್ದದ್ದು ಒಂದೇ ಸಾಲು, ಅದೇ ‘ಯೆಸ್’. ಬೇರೆ ಎಷ್ಟೋ ಪ್ರೋಗ್ರಾಂಗಳಲ್ಲಿ ಕೊನೆಗೆ ಬರೆದದ್ದು ಗೆಲ್ಲುತ್ತದೆ. ಎಸ್‌ಎಸ್‌ಎಚ್‌ಡಿಯಲ್ಲಿ ಮೊದಲು ಓದಿದ್ದು ಗೆಲ್ಲುತ್ತದೆ. ನಾನು ಕೆಳಗೆ ಬರೆದ ‘ನೋ’ಗೆ ಬೆಲೆಯೇ ಇರಲಿಲ್ಲ. ‘00’ ಎಂದು ಶುರುವಾಗುವ ನನ್ನದೇ ಫೈಲ್ ಅದೇ ಫೋಲ್ಡರ್‌ನಲ್ಲಿಟ್ಟೆ, ಆಗ ಸರಿಹೋಯಿತು. ಆಮೇಲೆ ಬೇರೆ ಯಂತ್ರದಿಂದ, ಕೀ ಇಲ್ಲದೆ, ಬೇಕೆಂದೇ ಪಾಸ್‌ವರ್ಡ್‌ನಲ್ಲಿ ಒಳಗೆ ಹೋಗಲು ಪ್ರಯತ್ನಿಸಿದೆ. ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆ ಇದು. ಕೀಯಿಂದ ಒಳಗೆ ಹೋಗಲು ಆಯಿತು ಅನ್ನುವುದು, ಪಾಸ್‌ವರ್ಡ್‌ನಿಂದ ಆಗುವುದಿಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲ.

(ಇಂಥ ಬದಲಾವಣೆ ಮಾಡುವಾಗ ಇನ್ನೊಂದು ಎಸ್‌ಎಸ್‌ಎಚ್ ಕಿಟಕಿ ತೆರೆದೇ ಇರಲಿ. ಹೊರಗೆ ಬೀಗ ಬಿದ್ದರೆ ಒಳಗಿರುವವನು ತೆಗೆಯಬಹುದು.)

ಇನ್ನೊಂದು ವಿಳಾಸ

ಡಿಎನ್‌ಎಸ್ ತಿರುಗಿಸುವ ಒಂದು ದಿನ ಮೊದಲೇ ಟಿಟಿಎಲ್ (ಹಳೆಯ ವಿಳಾಸವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) ಅನ್ನು 86400ರಿಂದ 300 ಸೆಕೆಂಡಿಗೆ ಇಳಿಸಿದ್ದೆ. ಹಳೆಯ ಟಿಟಿಎಲ್ 24 ಗಂಟೆಯದಾದರೆ ಅಷ್ಟು ಮುಂಚೆ ಇಳಿಸಲೇಬೇಕು, ಆ ಹೊತ್ತಿಗೆ ಇಳಿಸಿದರೆ ಲಾಭವಿಲ್ಲ. ವಿಳಾಸ ತಿರುಗಿಸಿದೆ, ಸೈಟ್‌ಗಳು ಬಂದವು. ಪ್ಯಾನೆಲ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ (ಸೈಟ್‌ಗಳಿಗೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಟಿಕ್ ಹಾಕಿ ‘ಸೇವ್’ ಒತ್ತಿದೆ. ಆರು ಸೈಟ್‌ಗೆ ಸರ್ಟಿಫಿಕೇಟ್ ಬಂತು. ಏಳನೆಯದಕ್ಕೆ 404 (ಫೈಲ್ ಸಿಗಲಿಲ್ಲ) ದೋಷ. ಬ್ರೌಸರ್‌ನಲ್ಲಿ ಆ ಸೈಟ್ ಸರಿಯಾಗಿ ತೆರೆಯುತ್ತಿತ್ತು. ಮತ್ತೆ ಒತ್ತಿದೆ. ಮತ್ತೆ. ಐದನೇ ಸಲದ ಹೊತ್ತಿಗೆ ಲೆಟ್ಸ್ ಎನ್‌ಕ್ರಿಪ್ಟ್ ಒಂದು ಗಂಟೆ ಕಾಯಿ ಅಂತು. ಒಂದೇ ಹೆಸರಿಗೆ ಗಂಟೆಗೆ ಐದು ಸೋಲು, ಅದಕ್ಕಿಂತ ಜಾಸ್ತಿ ಬಿಡುವುದಿಲ್ಲ. ಸುಮ್ನೆ ಬಟನ್ ಒತ್ತುವ ನನ್ನಂಥವರಿಗೇ ಆ ಮಿತಿ ಇಟ್ಟಿರಬೇಕು.

ಆ ಒಂದು ಗಂಟೆಯಲ್ಲಿ ಡಿಎನ್‌ಎಸ್ ನೋಡಿದೆ. ಎ ದಾಖಲೆ, ಅಂದರೆ ಹಳೆಯ ಬಗೆಯ ಐಪಿವಿ4 ವಿಳಾಸದ್ದು, ಹೊಸ ಸರ್ವರ್‌ಗೆ ತಿರುಗಿತ್ತು. ಆದರೆ ನಾಲ್ಕು ಎ ಇರುವ ದಾಖಲೆ, ಹೊಸ ಬಗೆಯ ಐಪಿವಿ6 ವಿಳಾಸದ್ದು, ಹಳೆಯ ಸರ್ವರ್‌ನಲ್ಲೇ ನಿಂತಿತ್ತು. ಏಳರಲ್ಲಿ ಅದೊಂದಕ್ಕೇ ಆ ದಾಖಲೆ ಇದ್ದದ್ದು, ನನ್ನ ಕಣ್ಣು ತಪ್ಪಿತ್ತು. ನನ್ನ ಕಂಪ್ಯೂಟರ್‌ಗೆ ಐಪಿವಿ6 ಇಲ್ಲ, ಹಾಗಾಗಿ ನನಗೆ ಹೊಸ ಸೈಟ್ ಕಾಣುತ್ತಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಮಾತ್ರ ಐಪಿವಿ6 ಇದ್ದರೆ ಅದನ್ನೇ ಮೊದಲು ಹಿಡಿಯುತ್ತದೆ. ಅದು ಹಳೆಯ ಸರ್ವರ್‌ಗೆ ಹೋಗಿ ಪರೀಕ್ಷೆಯ ಫೈಲ್ ಕೇಳುತ್ತಿತ್ತು, ಅದು ಅಲ್ಲಿ ಇರಲಿಲ್ಲ. ದಾಖಲೆ ತಿದ್ದಿದ ಮೇಲೆ ಒಂದೇ ಸಲಕ್ಕೆ ಬಂತು.

ಈ ಎಡವಟ್ಟಿನಿಂದ ಒಂದು ದೊಡ್ಡ ಲಾಭವಾಯಿತು. ಐಪಿವಿ6 ಕಡೆ ಯಾರೂ ನೋಡಿಲ್ಲವಲ್ಲ ಅಂತ ಹೊಳೆಯಿತು. ಪ್ಯಾನೆಲ್‌ನ ಫೈರ್‌ವಾಲ್ ಪುಟದಲ್ಲಿ ನಿಯಮ ಸರಿಯಾಗಿಯೇ ಇದ್ದವು: 80 ಮತ್ತು 443 (ವೆಬ್) ಎಲ್ಲರಿಗೆ, 22 (ಎಸ್‌ಎಸ್‌ಎಚ್) ಎಲ್ಲರಿಗೆ ಆದರೆ ಕೀ ಇದ್ದವರಿಗೆ ಮಾತ್ರ, ಪ್ಯಾನೆಲ್ ಪೋರ್ಟ್ ಯಾರಿಗೂ ಇಲ್ಲ. ಹೊರಗಿನ ಯಂತ್ರದಿಂದ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಓಡಿಸಿದ್ದೆ, ಮೂರೇ ಪೋರ್ಟ್ ಕಂಡಿದ್ದವು. ಈಗ ಐಪಿವಿ6 ಇರುವ ಇನ್ನೊಂದು ಯಂತ್ರ ಹುಡುಕಿ ‘ಎನ್‌ಮ್ಯಾಪ್ -6’ ಓಡಿಸಿದೆ. ಪ್ಯಾನೆಲ್‌ನ ಲಾಗಿನ್ ಪುಟ ಅಲ್ಲಿ ಬಾಗಿಲು ತೆರೆದುಕೊಂಡು ಕೂತಿತ್ತು.

ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್ ನೋಡಿಕೊಳ್ಳುವುದು ಐಪಿವಿ4 ಮಾತ್ರ. ಐಪಿವಿ6ಗೆ ಬೇರೆಯೇ ಪಟ್ಟಿ. ಈ ಪ್ಯಾನೆಲ್ ಮೊದಲನೆಯದನ್ನು ಮಾತ್ರ ಬರೆಯುತ್ತಿತ್ತು, ಎರಡನೆಯದು ಖಾಲಿ, ಖಾಲಿ ಅಂದರೆ ಎಲ್ಲರಿಗೂ ಸ್ವಾಗತ. ಯಂತ್ರದೊಳಗಿನ ಫೈರ್‌ವಾಲ್ ಒಂದನ್ನೇ ನೆಚ್ಚಿಕೊಳ್ಳುವುದು ಬಿಟ್ಟು, ಸರ್ವರ್ ಕೊಡುವವರ ನೆಟ್‌ವರ್ಕ್ ಫೈರ್‌ವಾಲ್‌ನಲ್ಲೇ ಎರಡೂ ಬಗೆಯ ವಿಳಾಸಕ್ಕೆ ನಿಯಮ ಹಾಕಿದೆ. ಒಳಗಿನ ಐಪಿವಿ6 ಪಟ್ಟಿಯನ್ನೂ ತುಂಬಿದೆ. ಅಲ್ಲಿ ಒಂದು ಎಚ್ಚರ ಬೇಕು: ಐಸಿಎಂಪಿವಿ6 (ಯಂತ್ರಗಳ ನಡುವಿನ ನಿಯಂತ್ರಣ ಸಂದೇಶ) ಪೂರ್ತಿ ಮುಚ್ಚಬೇಡಿ. ಐಪಿವಿ6ನಲ್ಲಿ ಪಕ್ಕದ ಯಂತ್ರ ಯಾವುದು ಅಂತ ಗೊತ್ತಾಗುವುದೇ ಅದರಿಂದ.

ಮೇಡಂ ಪ್ಯಾನೆಲ್‌ಗೆ ಹೋಗುವುದು ಈಗ ಎಸ್‌ಎಸ್‌ಎಚ್ ಸುರಂಗದ ಮೂಲಕ. ಅವರ ಡೆಸ್ಕ್‌ಟಾಪ್‌ನಲ್ಲಿ ಒಂದು ಐಕಾನ್ ಮಾಡಿಕೊಟ್ಟೆ. ಅದನ್ನು ಒತ್ತಿದರೆ ಸುರಂಗ ತೆರೆಯುತ್ತದೆ, ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ವಿಳಾಸಕ್ಕೆ ಹೋದರೆ ಪ್ಯಾನೆಲ್ ಬರುತ್ತದೆ. ಮೇಲೆ ಎರಡನೇ ಹಂತದ ಕೋಡ್ ಬೇರೆ. "ಇದು ಸ್ವಲ್ಪ ರಗಳೆ ಅಲ್ವಾ ಸರ್?" ಅಂದರು. ಹೌದು ಅಂದೆ. ಫೋನಿನಿಂದ ಪ್ಯಾನೆಲ್ ನೋಡಲು ಆಗುವುದಿಲ್ಲ ಎಂಬುದು ಅವರ ದೂರು. ಅದನ್ನು ಬಗೆಹರಿಸುವ ಮನಸ್ಸು ನನಗಿಲ್ಲ.

ಮಾಯವಾದ ನಿಯಮ

ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಓಡಬಾರದು ಅಂತ ವೆಬ್ ಸರ್ವರ್ ಕಾನ್ಫಿಗ್‌ನಲ್ಲೇ ನಿಯಮ ಬರೆದೆ. ಸೈಟ್‌ನ ಫೋಲ್ಡರ್ ಒಳಗೇ ಇರುವ ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ ಬರೆದರೆ ಸೈಟ್‌ಗೆ ನುಗ್ಗಿದವನೇ ಅದನ್ನು ಅಳಿಸಬಹುದು. ಪರೀಕ್ಷೆಗೆ ‘ನಮಸ್ಕಾರ’ ಅಂತ ಮಾತ್ರ ಬರೆಯುವ ಒಂದು ಪಿಎಚ್‌ಪಿ ಫೈಲ್ ಅಲ್ಲಿಟ್ಟು ಬ್ರೌಸರ್‌ನಿಂದ ಕರೆದೆ. 403 (ಅನುಮತಿ ಇಲ್ಲ) ಬಂತು. ಒಳ್ಳೆಯದು.

ಮೂರು ವಾರ ಬಿಟ್ಟು ಮತ್ತೆ ಕರೆದಾಗ ‘ನಮಸ್ಕಾರ’ ಅಂತು.

ಆ ನಡುವೆ ಮೇಡಂ ಆ ಸೈಟ್‌ಗೆ ಒಂದು ಅಡ್ಡಹೆಸರು (ಅದೇ ಸೈಟ್ ತೆರೆಯುವ ಇನ್ನೊಂದು ಡೊಮೇನ್) ಸೇರಿಸಿದ್ದರು. ಸೇರಿಸಿದ ಕೂಡಲೇ ಪ್ಯಾನೆಲ್ ಕಾನ್ಫಿಗ್ ಫೈಲ್ ಹೊಸದಾಗಿ ಬರೆದಿತ್ತು, ನಾನು ಕೈಯಲ್ಲಿ ಬರೆದ ಸಾಲು ಹೋಗಿತ್ತು. ಪ್ಯಾನೆಲ್ ತಾನು ಹುಟ್ಟಿಸಿದ ಫೈಲನ್ನು ತನ್ನದೇ ಅಂದುಕೊಳ್ಳುತ್ತದೆ. ಅದರಲ್ಲಿ ಬೇರೆಯವರು ಬರೆದದ್ದಕ್ಕೆ ಮರ್ಯಾದೆ ಇಲ್ಲ. ಬದಲಾವಣೆ ಬೇಕಿದ್ದರೆ ಪ್ಯಾನೆಲ್‌ನ ಟೆಂಪ್ಲೇಟ್‌ನ (ಕಾನ್ಫಿಗ್ ಬರೆಯಲು ಅದು ಬಳಸುವ ಅಚ್ಚಿನ) ನಕಲು ಮಾಡಿ, ಬೇರೆ ಹೆಸರಿಟ್ಟು, ಅದರಲ್ಲಿ ಬರೆದು, ಸೈಟ್‌ಗೆ ಆ ಟೆಂಪ್ಲೇಟ್ ಹಚ್ಚಬೇಕು. ಹಾಗೇ ಮಾಡಿದೆ. ‘ನಮಸ್ಕಾರ’ ಫೈಲ್ ಈಗಲೂ ಅಲ್ಲೇ ಇದೆ. ದಿನಕ್ಕೊಮ್ಮೆ ಹೊರಗಿನಿಂದ ಒಂದು ಸ್ಕ್ರಿಪ್ಟ್ ಅದನ್ನು ಕರೆಯುತ್ತದೆ, 403 ಬಿಟ್ಟು ಬೇರೆ ಏನು ಬಂದರೂ ನನಗೆ ಸಂದೇಶ ಬರುತ್ತದೆ. ಅದೇ ಸ್ಕ್ರಿಪ್ಟ್ ಎರಡೂ ಬಗೆಯ ವಿಳಾಸದಲ್ಲಿ ಪ್ಯಾನೆಲ್ ಪೋರ್ಟ್ ತಟ್ಟುತ್ತದೆ, ಸರ್ಟಿಫಿಕೇಟ್‌ಗೆ ಇನ್ನೆಷ್ಟು ದಿನ ಇದೆ ಅಂತಲೂ ನೋಡುತ್ತದೆ. ಆ ಕೊನೆಯದು ಈಗ ನಾವೇ ನೋಡಿಕೊಳ್ಳಬೇಕು. ಅವಧಿ ಮುಗಿಯುತ್ತಿದೆ ಅಂತ ಲೆಟ್ಸ್ ಎನ್‌ಕ್ರಿಪ್ಟ್ ಮೇಲ್ ಕಳಿಸುವುದನ್ನು 2025ರಲ್ಲಿ ನಿಲ್ಲಿಸಿದೆ.

ಬ್ಯಾಕಪ್ ಕತೆ

19 ದಿನ ಮತ್ತು 7 ದಿನದ ನಡುವಿನ ಪಾಠ ಮರೆಯುವಂತಿರಲಿಲ್ಲ. ಈಗ ದಿನದ್ದು 14, ವಾರದ್ದು 8, ತಿಂಗಳದ್ದು 6 ಇಟ್ಟುಕೊಳ್ಳುತ್ತೇವೆ. ರೆಸ್ಟಿಕ್ ಎಂಬ ಬ್ಯಾಕಪ್ ಪ್ರೋಗ್ರಾಂ ಬಳಸಿ ಬೇರೆ ಕಡೆಯ ಯಂತ್ರಕ್ಕೆ ಹೋಗುತ್ತದೆ. ಈ ಸರ್ವರ್‌ಗೆ ಅಲ್ಲಿ ಸೇರಿಸುವ ಅಧಿಕಾರ ಮಾತ್ರ ಇದೆ, ಅಳಿಸುವ ಅಧಿಕಾರ ಇಲ್ಲ. ಸರ್ವರ್ ಹಿಡಿದವನು ಬ್ಯಾಕಪ್ ಕೂಡ ಅಳಿಸಿಹೋಗಬಾರದಲ್ಲ. ಹಳೆಯದನ್ನು ಕಡಿಯುವ ಕೆಲಸ ಆ ಕಡೆಯ ಯಂತ್ರದಲ್ಲೇ ನಡೆಯುತ್ತದೆ.

ಒಂದು ತಿಂಗಳಾದ ಮೇಲೆ ಖಾಲಿ ಸರ್ವರ್ ಒಂದನ್ನು ಎಬ್ಬಿಸಿ, ದೊಡ್ಡ ಸೈಟ್‌ ಒಂದನ್ನು ಬ್ಯಾಕಪ್‌ನಿಂದ ಅಲ್ಲಿ ನಿಲ್ಲಿಸಿ ನೋಡಿದೆ. 50 ನಿಮಿಷ ಹಿಡಿಯಿತು. ಸೈಟ್ ಎದ್ದಿತು, ಪುಟಗಳು ಬಂದವು, ಆದರೆ ಹಳೆಯ ವರದಿಗಳ ಪಿಡಿಎಫ್ ಒಂದೂ ತೆರೆಯಲಿಲ್ಲ. ಬ್ಯಾಕಪ್‌ನಲ್ಲಿ ಆ ಫೋಲ್ಡರೇ ಇರಲಿಲ್ಲ. ಸಾಗಣೆ ರಾತ್ರಿ ಬೇಗ ಮುಗಿಯಲಿ ಅಂತ ಅದನ್ನು ‘ಬಿಡಬೇಕಾದ’ ಪಟ್ಟಿಗೆ ಹಾಕಿದ್ದವನು ನಾನೇ, ತೆಗೆಯಲು ಮರೆತಿದ್ದೆ. ಮೂವತ್ತು ದಿನ ಮೂವತ್ತು ಹಸಿರು ಟಿಕ್ ಬಿದ್ದಿತ್ತು. ಟಿಕ್ ಸುಳ್ಳೇನೂ ಹೇಳಿರಲಿಲ್ಲ, ಹೇಳಿದ್ದನ್ನೆಲ್ಲ ತೆಗೆದುಕೊಂಡಿದ್ದೇನೆ ಅಂದಿತ್ತು ಅಷ್ಟೇ.

ಹಳೆಯ ಸರ್ವರ್ ವಾಪಸ್ ಕೊಡುವ ಮುಂಚೆ ಡಿಎನ್‌ಎಸ್‌ನಲ್ಲಿ ಅದರ ಐಪಿ ಎಲ್ಲೆಲ್ಲಿ ಉಳಿದಿದೆ ಅಂತ ಹುಡುಕಿದೆ. ಎಸ್‌ಪಿಎಫ್ ಸಾಲಿನಲ್ಲಿ, ಅಂದರೆ ಈ ಹೆಸರಿನಲ್ಲಿ ಮೇಲ್ ಕಳಿಸಬಹುದಾದ ಐಪಿಗಳ ಪಟ್ಟಿಯಲ್ಲಿ, ಇತ್ತು. ಹಾಗೇ ಬಿಟ್ಟಿದ್ದರೆ, ಮುಂದೆ ಆ ಐಪಿ ಯಾರ ಕೈಗೆ ಹೋಗುತ್ತದೋ ಅವರು ಈ ಸಂಸ್ಥೆಯ ಹೆಸರಿನಲ್ಲಿ ಕಳಿಸುವ ಮೇಲ್‌ಗೆ ಎಸ್‌ಪಿಎಫ್ ಪರೀಕ್ಷೆಯಲ್ಲಿ ಪಾಸ್ ಸಿಗುತ್ತಿತ್ತು. ತೆಗೆದೆ. ಐಪಿ ಕಪ್ಪುಪಟ್ಟಿಯಿಂದ ಹೊರಬರುವುದನ್ನು ಕಾಯಲಿಲ್ಲ, ಮೇಲ್ ಈಗ ಅಲ್ಲಿಂದ ಹೋಗುವುದೇ ಇಲ್ಲ.

ಬರೀ ಎಚ್‌ಟಿಎಂಎಲ್ ಆದದ್ದನ್ನು ಬಿಟ್ಟರೆ ಉಳಿದ ಆರು ಸೈಟ್‌ಗಳಲ್ಲಿ ಐದು ಈಗ ಪಿಎಚ್‌ಪಿ 8.3ರಲ್ಲಿವೆ. ಒಂದು ಮಾತ್ರ ಇನ್ನೂ 7.4ರಲ್ಲೇ ಇದೆ. ಅದರ ಸದಸ್ಯತ್ವದ ಪ್ಲಗಿನ್ ಹೊಸದರಲ್ಲಿ ಬಿಳಿ ಪುಟ ತೋರಿಸುತ್ತದೆ, ಬರೆದವರು ಸಿಗುತ್ತಿಲ್ಲ. ಅದಕ್ಕೆ ಅದರದೇ ಯೂಸರ್, ಅದರದೇ ಪೂಲ್, ಲಾಗಿನ್ ಪುಟಕ್ಕೆ ಇನ್ನೊಂದು ಪಾಸ್‌ವರ್ಡ್ ಹಾಕಿ ಕೂರಿಸಿದ್ದೇನೆ. ಹೊಸ ಪ್ಲಗಿನ್‌ಗೆ ಸದಸ್ಯರ ಪಟ್ಟಿ ಸಾಗಿಸುವ ಕೆಲಸ ಮೇಡಂ ಮತ್ತು ನಾನು ಹಂಚಿಕೊಂಡಿದ್ದೇವೆ. ಅವರ ಪಾಲು ಮುಗಿದಿದೆ, ನನ್ನದು ಬಾಕಿ.